ಆರ್ ಭಾಷೆ: ರಿಪ್ಲೇಸ್‌ಮೆಂಟ್ ಫಂಕ್ಷನ್ ಮತ್ತು ಬಹು ಅಸೈನ್‌ಮೆಂಟ್

ಸಂಖ್ಯಾಶಾಸ್ತ್ರದ ಲೆಕ್ಕಾಚಾರಕ್ಕೆ ಬಳಕೆಯಾಗುವ ಆರ್ ಭಾಷೆಯಲ್ಲಿ ಅಸೈನ್‌ಮೆಂಟ್ ಬಾಣದ ಎಡಕ್ಕೆ ಬರಿಯ ಹೆಸರನ್ನಷ್ಟೇ ಅಲ್ಲ, ಫಂಕ್ಷನ್ ಕರೆಯನ್ನೂ ಬರೆಯಬಹುದು. ಅದನ್ನು ನಿಭಾಯಿಸುವುದು ರಿಪ್ಲೇಸ್‌ಮೆಂಟ್ ಫಂಕ್ಷನ್. ಒಂದು ಪಟ್ಟಿಯ ಅಂಶಗಳನ್ನು ಒಂದೇ ಸಾಲಿನಲ್ಲಿ ಬೇರೆ ಬೇರೆ ವೇರಿಯಬಲ್‌ಗಳಿಗೆ ಹಂಚುವ ಬಹು ಅಸೈನ್‌ಮೆಂಟ್ ಮೂಲ ಆರ್‌ನಲ್ಲಿಲ್ಲ. ಕ <- ಖ <- 0 ಎಂಬ ಸರಪಳಿಯನ್ನೂ ಕೆಲವರು ಅದೇ ಹೆಸರಿನಿಂದ ಕರೆಯುವುದುಂಟು; ಆದರೆ ಅಲ್ಲಿ ಎರಡಕ್ಕೂ ಸಿಗುವುದು ಒಂದೇ ಬೆಲೆ.

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಆರಂಭಿಸಿದ ಎಸ್ ಭಾಷೆಯೇ ಆರ್‌ನ ಮೂಲ. ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಆಕ್ಲೆಂಡ್‌ನಲ್ಲಿ ಕಟ್ಟಿದ ಆರ್‌ನ 1.0.0 ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂತು. ಸಮಚಿಹ್ನೆಯೂ ಅಸೈನ್‌ಮೆಂಟ್ ಗುರುತಾದದ್ದು 2001ರ 1.4.0ರಲ್ಲಿ. ಹಿಂದೆ ಅಂಡರ್‌ಸ್ಕೋರ್‌ಗೂ ಅದೇ ಕೆಲಸವಿತ್ತು. 1963ರ ಆಸ್ಕಿ ಪಟ್ಟಿಯಲ್ಲಿ ಎಡಬಾಣ ಕೂತಿದ್ದ ಜಾಗಕ್ಕೇ ಮುಂದೆ ಅಂಡರ್‌ಸ್ಕೋರ್ ಬಂದದ್ದನ್ನು ನೆನೆದರೆ ಈ ವಿಚಿತ್ರ ಅಷ್ಟು ವಿಚಿತ್ರವೆನಿಸದು. 2003ರ 1.8.0ರಲ್ಲಿ ಆ ಬಳಕೆ ನಿಂತಿತು.

ಗೊಂದಲ ಹೆಚ್ಚಿರುವುದು ರಿಪ್ಲೇಸ್‌ಮೆಂಟ್ ನಡೆಯುವ ಬಗೆಯಲ್ಲಿ. ನೇಮ್ಸ್(ಕ) <- ಖ ಎಂಬುದು ಕ-ವನ್ನು ಇದ್ದಲ್ಲೇ ತಿದ್ದುತ್ತದೆಂದು ಓದುಗನಿಗೆ ತೋರುತ್ತದೆ. ಭಾಷೆಯ ನಿರೂಪಣೆಯ ಪ್ರಕಾರ ಆಗುವುದು ಬೇರೆ: ಕ-ದ ಬೆಲೆಯನ್ನು ಟೆಂಪ್ ಎಂಬ ತಾತ್ಕಾಲಿಕ ಹೆಸರಿಗೆ ಕೊಟ್ಟು, ಬಾಲಕ್ಕೆ ಬಾಣ ಅಂಟಿಸಿಕೊಂಡ 'ನೇಮ್ಸ್<-' ಫಂಕ್ಷನ್ನನ್ನು ಅದರ ಮೇಲೆ ಕರೆದು, ಬಂದ ಫಲವನ್ನು ಮತ್ತೆ ಕ-ಕ್ಕೆ ಕೊಡಲಾಗುತ್ತದೆ. ಬಲಬದಿಯ ಬೆಲೆ 'ವ್ಯಾಲ್ಯೂ' ಎಂಬ ಹೆಸರಿನಲ್ಲೇ ಒಳಗೆ ಹೋಗಬೇಕು. ದತ್ತಾಂಶದ ಪ್ರತಿ ನಿಜವಾಗಿ ತಯಾರಾಗುತ್ತದೆಯೇ ಎಂಬುದು ಆವೃತ್ತಿಯನ್ನು ಅವಲಂಬಿಸಿದೆ. 2014ರ 3.1.0 ಪ್ರತಿಗಳನ್ನು ತಗ್ಗಿಸಿತು, 2020ರ 4.0.0 ರೆಫರೆನ್ಸ್ ಎಣಿಕೆಗೆ ಬದಲಾಯಿತು. ಹಳೆಯ ಕೈಪಿಡಿಗಳ ಎಚ್ಚರಿಕೆಗಳನ್ನು ಈ ಇಸವಿಗಳ ಜೊತೆಗಿಟ್ಟೇ ಓದಬೇಕು.

ಈ ನಿಯಮದಲ್ಲಿ ಬದಲಾಗುವ ಗುರಿ ಮೊದಲ ಆರ್ಗ್ಯುಮೆಂಟ್ ಒಂದೇ. ಆದ್ದರಿಂದ ಸಿ(ಕ, ಖ) <- ಗ ಎಂದರೆ, ಕ ಮೊದಲೇ ಇಲ್ಲದಿದ್ದರೆ ಅದು ಸಿಗಲಿಲ್ಲವೆಂದೂ, ಇದ್ದರೆ 'ಸಿ<-' ಎಂಬ ಫಂಕ್ಷನ್ ಇಲ್ಲವೆಂದೂ ಆರ್ ದೂರುತ್ತದೆ. ಗೇಬರ್ ಗ್ರೋಥೆಂಡೀಕ್ 2004ರಲ್ಲಿ ಸೂಚಿಸಿದ, ಮುಂದೆ ಜಿಸಬ್‌ಫನ್ ಪ್ಯಾಕೇಜಿಗೆ ಸೇರಿದ ಉಪಾಯ ಇದೇ ಬಿಗಿ ನಿಯಮವನ್ನು ಜಾಣತನದಿಂದ ಬಳಸಿಕೊಂಡಿತು. ಲಿಸ್ಟ್ ಎಂಬ ಹೆಸರಿನಲ್ಲಿ ಒಂದು ಉತ್ಸವಮೂರ್ತಿ ವಸ್ತುವನ್ನಿಟ್ಟು, ಲಿಸ್ಟ್[ಕ, ಖ] <- ಗ ಎಂದು ಬರೆಸಿದರು. ಮೊದಲ ಆರ್ಗ್ಯುಮೆಂಟ್ ಆ ಮೂರ್ತಿ. ಚೌಕಾವರಣದ ರಿಪ್ಲೇಸ್‌ಮೆಂಟ್ ಮೆಥಡ್ ಒಳಗಿನ ಹೆಸರುಗಳನ್ನು ಲೆಕ್ಕ ಹಾಕದೆ ಹೆಸರಾಗಿಯೇ ಹಿಡಿದು, ಕರೆದವರ ಪರಿಸರದಲ್ಲಿ ಒಂದೊಂದಕ್ಕೂ ಬೆಲೆ ತುಂಬುತ್ತದೆ. ಬೇಡದ ಅಂಶದ ಜಾಗವನ್ನು ಖಾಲಿ ಬಿಡಬಹುದು. ಫಂಕ್ಷನ್ ಹುಡುಕುವಾಗ ಆರ್ ಫಂಕ್ಷನ್ ಅಲ್ಲದ್ದನ್ನು ದಾಟಿಹೋಗುವುದರಿಂದ ಮಾಮೂಲಿ ಲಿಸ್ಟ್ ಕರೆಗೆ ಧಕ್ಕೆಯಿಲ್ಲ. ಆದರೆ ನಿಯಮದಂತೆ ಮೂರ್ತಿಯೂ ಮರಳಿ ಅಸೈನ್ ಆಗುವುದರಿಂದ, ಕರೆದವರ ಪರಿಸರದಲ್ಲಿ ಲಿಸ್ಟ್ ಎಂಬ ವೇರಿಯಬಲ್ ಕೇಳದೆಯೇ ಉಳಿದುಬಿಡುತ್ತದೆ.

2017ರಲ್ಲಿ ಬಂದ ಜೆಲಟ್ ಪ್ಯಾಕೇಜ್ ರಿಪ್ಲೇಸ್‌ಮೆಂಟಿನ ಗೊಡವೆಗೆ ಹೋಗದೆ, ಶೇಕಡಾ ಚಿಹ್ನೆಗಳ ನಡುವೆ ಬಾಣವಿಟ್ಟ %<-% ಎಂಬ ಹೊಸ ಆಪರೇಟರ್ ತಂದಿತು. ಇಂಥ ಆಪರೇಟರ್‌ಗಳ ಹಿಡಿತ ಗುಣಾಕಾರಕ್ಕಿಂತ ಬಿಗಿ. ಸಿ(ಕ, ಖ) %<-% ಗ * 2 ಎಂದು ಆವರಣವಿಲ್ಲದೆ ಬರೆದರೆ ಹಂಚಿಕೆ ಮೊದಲು, ಗುಣಾಕಾರ ಆಮೇಲೆ. ಕ ಮತ್ತು ಖ-ದಲ್ಲಿ ಉಳಿಯುವುದು ಗುಣಿಸದ ಬೆಲೆ.