ಹಾಸಿಗೆಯ ಲೆಕ್ಕ

ಆಸ್ಪತ್ರೆಯ ಇತಿಹಾಸವನ್ನು ವೈದ್ಯರು ಔಷಧಗಳ ಮೂಲಕ ಹೇಳುತ್ತಾರೆ. ನನ್ನಂಥ ಲೆಕ್ಕಿಗ ಅದನ್ನು ಬಿಲ್ಲುಗಳಲ್ಲಿ ಓದುತ್ತಾನೆ. ನಾನೀಗ ನೆಲೆಸಿರುವ ಅಮೆರಿಕದಲ್ಲಿ ರೋಗಿ ಅದೇ ಸಂಜೆ ಮನೆಗೆ ಮರಳತೊಡಗಿದ್ದು ಹೇಗೆಂದು ತಿಳಿಯಲು ಎರಡೂ ಬೇಕು.

ಇದೇನೂ ಹೊಸ ವಿಚಾರವಲ್ಲ. ಗ್ಲಾಸ್ಗೋದ ಸರ್ಜನ್ ಜೇಮ್ಸ್ ನಿಕೋಲ್, ಮಕ್ಕಳನ್ನು ದಾಖಲು ಮಾಡಿಕೊಳ್ಳದೆ ನಡೆಸಿದ 8,988 ಶಸ್ತ್ರಚಿಕಿತ್ಸೆಗಳ ವಿವರವನ್ನು 1909ರಲ್ಲೇ ಪ್ರಕಟಿಸಿದ್ದರು. 1970ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ವಾಲೇಸ್ ರೀಡ್ ಮತ್ತು ಜಾನ್ ಫೋರ್ಡ್ ಎಂಬ ಅರಿವಳಿಕೆ ತಜ್ಞರು ಆಸ್ಪತ್ರೆಯ ಹೊರಗೇ ‘ಸರ್ಜಿಸೆಂಟರ್’ ತೆರೆದರು.

ಆಸ್ಪತ್ರೆಗಳಿಗೆ ಮಾತ್ರ ಆಗ ಅವಸರವಿರಲಿಲ್ಲ. 1946ರ ಹಿಲ್-ಬರ್ಟನ್ ಕಾಯ್ದೆಯ ಅನುದಾನದಿಂದ ಹಾಸಿಗೆಗಳು ಹೆಚ್ಚಿದ್ದವು. 1966ರಲ್ಲಿ ಜಾರಿಗೆ ಬಂದ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಆಸ್ಪತ್ರೆಗಳಿಗೆ ಆದ ಖರ್ಚಿನ ಆಧಾರದ ಮೇಲೆ ಹಣ ಕೊಡುತ್ತಿತ್ತು. ಹೀಗಿರುವಾಗ ರೋಗಿಯನ್ನು ಬೇಗ ಕಳಿಸಿ ಆಗಬೇಕಾದ್ದೇನು? 1983ರಲ್ಲಿ ಪದ್ಧತಿ ಬದಲಾಯಿತು: ಕಾಯಿಲೆಯ ವರ್ಗಕ್ಕೆ ತಕ್ಕಂತೆ ಪ್ರತಿ ದಾಖಲಾತಿಗೆ ನಿಗದಿತ ಮೊತ್ತ. ಹೆಚ್ಚುವರಿ ದಿನದ ಖರ್ಚು ಆಸ್ಪತ್ರೆಯ ತಲೆಗೇ ಬಂತು. ಹೊರರೋಗಿ ವಿಭಾಗಕ್ಕೆ ನಿಗದಿತ ದರದ ಪದ್ಧತಿ ಬಂದದ್ದು 2000ದ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅಲ್ಲಿ ಬಹುಮಟ್ಟಿಗೆ ಹಳೆಯ ಲೆಕ್ಕವೇ ನಡೆಯಿತು. ಬೇಗ ಎಚ್ಚರವಾಗುವ ಅರಿವಳಿಕೆ ಮತ್ತು ಲ್ಯಾಪರೋಸ್ಕೋಪಿ ದಾರಿ ತೆರೆದವು, ಹಣ ಆ ದಾರಿಯಲ್ಲಿ ನೂಕಿತು. 2018ರಲ್ಲಿ ಮಂಡಿ ಬದಲಾವಣೆಯೂ ‘ಒಳರೋಗಿಗೆ ಮಾತ್ರ’ ಎಂಬ ಮೆಡಿಕೇರ್ ಪಟ್ಟಿಯಿಂದ ಹೊರಬಂತು.

ಇದರಿಂದ ಒಳಿತೇ ಹೆಚ್ಚು. ಮನೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಆಸ್ಪತ್ರೆಯ ಸೋಂಕಿನ ಭಯ ಕಡಿಮೆ. ಆದರೆ ‘ಹೊರರೋಗಿ’ ಎಂಬ ಪದ ಮಾತ್ರ ವಿಚಿತ್ರವಾಗಿ ಬೆಳೆಯಿತು. ವಾರ್ಡಿನಲ್ಲಿ ಮೂರು ರಾತ್ರಿ ಮಲಗಿದ ವೃದ್ಧೆಯೂ ‘ನಿಗಾ’ ಎಂಬ ಶೀರ್ಷಿಕೆಯಡಿ ಇದ್ದರೆ ಲೆಕ್ಕದಲ್ಲಿ ಹೊರರೋಗಿಯೇ. ಸಾಂಪ್ರದಾಯಿಕ ಮೆಡಿಕೇರ್ ಅನಂತರದ ಶುಶ್ರೂಷಾ ಕೇಂದ್ರದ ಖರ್ಚು ಕೊಡಲು ಸಾಮಾನ್ಯವಾಗಿ ಮೂರು ದಿನಗಳ ಒಳರೋಗಿ ವಾಸ ಬೇಕು. ನಿಗಾದ ದಿನಗಳು ಅದಕ್ಕೆ ಸೇರುವುದಿಲ್ಲ. ಇದನ್ನು ರೋಗಿಗೆ ಲಿಖಿತವಾಗಿ ತಿಳಿಸಬೇಕೆಂದು 2015ರಲ್ಲಿ ಕಾನೂನೇ ಆಯಿತು. ತಿಳಿಸಿದ ಮಾತ್ರಕ್ಕೆ ಬಿಲ್ಲು ಕರಗುವುದಿಲ್ಲ.

ಲೆಕ್ಕಶಾಸ್ತ್ರದ ಮೊದಲ ಪಾಠ ಇದು: ಒಂದು ಖಾತೆಯಲ್ಲಿ ಕಡಿಮೆಯಾದದ್ದು ಇನ್ನೊಂದರಲ್ಲಿ ಕಾಣಲೇಬೇಕು. ಆಸ್ಪತ್ರೆ ಉಳಿಸಿದ ರಾತ್ರಿಗಳು ರಜೆ ಹಾಕಿದ ಮಗಳ, ಗಾಯದ ಪಟ್ಟಿ ಬದಲಿಸುವ ಗಂಡನ ಖಾತೆಗೆ ಬಿದ್ದಿವೆ. ಹೊರರೋಗಿ ಚಿಕಿತ್ಸೆಗೆ ಹೊಸ ಯೋಜನೆ ಬರೆಯುವವರು ಮನೆಗೆ ಬರುವ ನರ್ಸನ್ನು, ಮರುದಿನದ ಫೋನ್ ಕರೆಯನ್ನು, ನಿಗಾದ ದಿನಗಳನ್ನೂ ಎಣಿಸುವ ನಿಯಮವನ್ನು ಅದರಲ್ಲಿ ಸೇರಿಸಲಿ. ಅಲ್ಲಿಯವರೆಗೆ ಈ ಉಳಿತಾಯದ ಲೆಕ್ಕಕ್ಕೆ ನಾನಂತೂ ಸಹಿ ಹಾಕಲಾರೆ.