ಎಳೆದ ಪಿವಿಡಿಎಫ್ ಹಾಳೆ: ಬೀಟಾ ಪ್ರಮಾಣವೊಂದನ್ನೇ ನಂಬಬಹುದೆ?

ಪಾಲಿವಿನೈಲಿಡೀನ್ ಫ್ಲೋರೈಡ್ (ಪಿವಿಡಿಎಫ್) ಹಾಳೆಯನ್ನು ಎಳೆದು, ಬಳಿಕ ಪ್ರಬಲ ವಿದ್ಯುತ್ ಕ್ಷೇತ್ರಕ್ಕೆ ಒಡ್ಡಿದರೆ ಅದರಲ್ಲಿ ಗಣನೀಯ ಪೀಜೋವಿದ್ಯುತ್ ಗುಣ ಕಾಣುತ್ತದೆಂದು ಜಪಾನಿನ ಹೇಜಿ ಕವಾಯ್ 1969ರಲ್ಲಿ ವರದಿ ಮಾಡಿದರು. ಅಂದಿನಿಂದ ಒಂದು ಸರಳ ಸೂತ್ರ ಬಳಕೆಯಲ್ಲಿದೆ: ಎಳೆದಷ್ಟೂ ಬೀಟಾ ರೂಪ ಹೆಚ್ಚು, ಬೀಟಾ ಹೆಚ್ಚಿದಷ್ಟೂ ಪೀಜೋ ಗುಣ ಹೆಚ್ಚು. ಇದರ ಮೊದಲರ್ಧ ಉಷ್ಣತೆಯ ಮಿತಿಯೊಳಗೆ ಸರಿ. ಎರಡನೆಯದನ್ನು ಹಾಗೆಯೇ ಒಪ್ಪಲಾಗದು.

ಕರಗಿಸಿ ತಣಿಸಿದ ಹಾಳೆ ಸಾಮಾನ್ಯವಾಗಿ ಆಲ್ಫಾ ರೂಪದಲ್ಲಿ ಹರಳುಗಟ್ಟುತ್ತದೆ. ಅಲ್ಲಿ ಟ್ರಾನ್ಸ್ ಬಂಧದ ಬೆನ್ನಿಗೆ ಗಾಶ್ ಬಂಧ ಬರುವುದರಿಂದ ಸರಪಳಿ ತಿರುಚಿಕೊಂಡಿರುತ್ತದೆ. ಏಕಕೋಶದ ಎರಡು ಸರಪಳಿಗಳ ದ್ವಿಧ್ರುವಗಳು ವಿರುದ್ಧ ದಿಕ್ಕಿಗಿದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ಬೀಟಾದಲ್ಲಿ ಎಲ್ಲವೂ ಟ್ರಾನ್ಸ್: ಫ್ಲೋರಿನ್‌ಗಳೆಲ್ಲ ಒಂದು ಮಗ್ಗುಲಿಗೆ, ಹೈಡ್ರೋಜನ್‌ಗಳೆಲ್ಲ ಇನ್ನೊಂದಕ್ಕೆ.

ಇಲ್ಲೊಂದು ಸಣ್ಣ ಲೆಕ್ಕ ಉಪಯುಕ್ತ. ಸರಪಳಿಯ ಉದ್ದಕ್ಕೆ ಆಲ್ಫಾ ಕೋಶದ ಅಳತೆ 4.62 ಆಂಗ್‌ಸ್ಟ್ರಾಮ್, ಅದರಲ್ಲಿ ಎರಡು ಮಾನೋಮರ್ ಘಟಕಗಳು. ಬೀಟಾದಲ್ಲಿ ಒಂದು ಘಟಕಕ್ಕೇ 2.56. ಅಂದರೆ ರೂಪ ಬದಲಾದಾಗ ಸರಪಳಿ ಉದ್ದವಾಗುವುದು ಸುಮಾರು ಶೇ. 11ರಷ್ಟು. ಹಾಳೆಯನ್ನಾದರೋ ನಾಲ್ಕೈದು ಪಟ್ಟು ಎಳೆದಿರುತ್ತಾರೆ. ಉಳಿದ ಹಿಗ್ಗುವಿಕೆಯೆಲ್ಲ ಸ್ಫೆರುಲೈಟ್‌ಗಳು ಒಡೆದು, ಹರಳಿನ ಪದರಗಳು ವಾಲಿ, ಜಾರಿ, ಎಳೆತದ ದಿಕ್ಕಿಗೆ ನಾರುಗಳಾಗಿ ಮರುಜೋಡಣೆಯಾಗುವುದರಲ್ಲಿ ವ್ಯಯವಾಗುತ್ತದೆ. ರೂಪಾಂತರ, ಸರಪಳಿಗಳ ದಿಕ್ಕುಗೂಡಿಕೆ: ಎಳೆತ ಮಾಡುವ ಈ ಎರಡು ಕೆಲಸಗಳು ಜೊತೆಜೊತೆಗೆ ನಡೆದರೂ ಒಂದೇ ಅಲ್ಲ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಪಟ್ಟು ಎಳೆದರೆ ಬೀಟಾ ಪ್ರಮಾಣ ಶೇ. 80ರ ಆಸುಪಾಸಿಗೆ ಏರುತ್ತದೆ. 130 ಡಿಗ್ರಿ ದಾಟಿದರೆ ಸರಪಳಿಗಳು ಸಲೀಸಾಗಿ ಜಾರುವುದರಿಂದ ಸಾಕಷ್ಟು ಬಿಗಿತ ಹುಟ್ಟದು. ದಿಕ್ಕು ಕೂಡಿಬರುತ್ತದೆ, ಆಲ್ಫಾ ಬಹುಪಾಲು ಆಲ್ಫಾ ಆಗಿಯೇ ಉಳಿಯುತ್ತದೆ. ತೀರ ತಂಪಾಗಿದ್ದಾಗ ಎಳೆದರೆ ಸೂಕ್ಷ್ಮ ಪೊಳ್ಳುಗಳೆದ್ದು ಹಾಳೆ ಬೆಳ್ಳಗಾಗುತ್ತದೆ, ಅದರ ವಿದ್ಯುತ್ ತಾಳಿಕೆಯೂ ಕುಸಿಯುತ್ತದೆ.

ದಿಕ್ಕುಗೂಡಿಕೆಗೆ ಇಷ್ಟು ಮಹತ್ವ ಏಕೆ? ದ್ವಿಧ್ರುವ ಇರುವುದು ಸರಪಳಿಗೆ ಲಂಬವಾಗಿ. ಸರಪಳಿ ಹಾಳೆಯ ಸಮತಲದಲ್ಲಿ ಮಲಗಿದ್ದರೆ ಮಾತ್ರ, ತನ್ನ ಅಕ್ಷದ ಸುತ್ತ ಹೊರಳಿ ದ್ವಿಧ್ರುವವನ್ನು ದಪ್ಪದ ದಿಕ್ಕಿಗೆ ತಿರುಗಿಸಬಲ್ಲದು. ಬೀಟಾ ಕೋಶದ ಎರಡು ಅಡ್ಡಳತೆಗಳು 8.58 ಮತ್ತು 4.91 ಆಂಗ್‌ಸ್ಟ್ರಾಮ್, ಅನುಪಾತ ಮೂರರ ವರ್ಗಮೂಲಕ್ಕೆ ಬಹಳ ಹತ್ತಿರ. ಜೋಡಣೆ ಹೀಗೆ ಹೆಚ್ಚುಕಡಿಮೆ ಷಟ್ಕೋನೀಯವಾಗಿರುವುದರಿಂದ 60 ಡಿಗ್ರಿಯ ಮೆಟ್ಟಿಲುಗಳಲ್ಲಿ ಹೊರಳಲು ಸಾಧ್ಯ. ಆದರೆ ಹೊರಳಿಸಬೇಕಾದದ್ದು ಕ್ಷೇತ್ರ, ಎಳೆತವಲ್ಲ. ಎಳೆದು ಬಿಟ್ಟ ಹಾಳೆಯಲ್ಲಿ ದ್ವಿಧ್ರುವಗಳು ಸರಪಳಿಯ ಸುತ್ತ ಎಲ್ಲ ಕಡೆಗೂ ಮುಖಮಾಡಿರುತ್ತವೆ, ಮೊತ್ತ ಸೊನ್ನೆ. ಪ್ರತಿ ಮೀಟರಿಗೆ ಸುಮಾರು 50 ಮೆಗಾವೋಲ್ಟ್ ಮೀರಿದ ಕ್ಷೇತ್ರ ಕೊಡುವವರೆಗೆ ಬೀಟಾ ಶೇಕಡಾವಾರು ಎಂಬುದು ಸಾಧ್ಯತೆಯ ಲೆಕ್ಕವಷ್ಟೇ. ಇದನ್ನು ಮರೆತ ವರದಿಗಳು ಅಪರೂಪವಲ್ಲ.

ನಿರ್ಣಾಯಕ ಸಾಕ್ಷ್ಯವೆಂದು ನಾನು ಎಣಿಸುವುದು ಇದನ್ನು. ಒಂದೇ ದಿಕ್ಕಿಗೆ ಎಳೆದು ಧ್ರುವೀಕರಿಸಿದ ಹಾಳೆಯಲ್ಲಿ, ಎಳೆತದ ದಿಕ್ಕಿನ ಪೀಜೋ ಗುಣಾಂಕ ಒಂದು ನ್ಯೂಟನ್‌ಗೆ ಸುಮಾರು 20 ಪಿಕೋಕೂಲಂಬ್. ಅದಕ್ಕೆ ಅಡ್ಡಲಾಗಿ ಎರಡೋ ಮೂರೋ. ಎರಡೂ ದಿಕ್ಕಿಗೆ ಸಮನಾಗಿ ಎಳೆದ ಹಾಳೆಯಲ್ಲಿ ಈ ಅಂತರ ಬಹುಮಟ್ಟಿಗೆ ಮಾಯವಾಗುತ್ತದೆ. ಮೊದಲ ಹಾಳೆಯಲ್ಲಿ ಎರಡು ಅಳತೆಗೂ ಬೀಟಾ ಪ್ರಮಾಣ ಒಂದೇ ಎಂಬುದನ್ನು ಗಮನಿಸಬೇಕು. ದಿಕ್ಕೇ ಇಲ್ಲದ ಒಂದು ಸಂಖ್ಯೆ ಈ ವ್ಯತ್ಯಾಸವನ್ನು ವಿವರಿಸಲಾರದು.

ಆ ಸಂಖ್ಯೆಯನ್ನು ಪಡೆಯುವ ಬಗೆಯೂ ಪ್ರಶ್ನಾತೀತವಲ್ಲ. ಅವಗೆಂಪು ರೋಹಿತದ 763 ಮತ್ತು 840 ತರಂಗಸಂಖ್ಯೆಗಳ ಹೀರಿಕೆಯನ್ನು ಹೋಲಿಸಿ, 1.26 ಎಂಬ ಸ್ಥಿರಾಂಕ ಸೇರಿಸಿ ಲೆಕ್ಕ ಹಾಕುವುದು ರೂಢಿ. ಆದರೆ 840ರ ಬಳಿ ಗಾಮಾ ರೂಪವೂ ಹೀರುತ್ತದೆ. 1275 (ಬೀಟಾ) ಮತ್ತು 1234 (ಗಾಮಾ) ಪಟ್ಟಿಗಳನ್ನು ನೋಡದೆ ತೀರ್ಮಾನಿಸಬಾರದು. ಮೇಲಾಗಿ, ದಿಕ್ಕುಗೂಡಿದ ಹಾಳೆಯ ಹೀರಿಕೆ ಬೆಳಕಿನ ಧ್ರುವೀಕರಣವನ್ನು ಅವಲಂಬಿಸುತ್ತದೆ. ಅದನ್ನು ಗಣಿಸದೆ ಕೊಟ್ಟ ಬೀಟಾ ಏರಿಕೆಯಲ್ಲಿ ಎಷ್ಟು ಪಾಲು ರೂಪಾಂತರದ್ದು, ಎಷ್ಟು ದಿಕ್ಕಿನದ್ದು ಎಂದು ಬಿಡಿಸಲಾಗದು.

ಈ ಎರಡನ್ನೂ ಬೇರ್ಪಡಿಸಿ ಪರೀಕ್ಷಿಸಲು ಒಂದು ದಾರಿ ಟ್ರೈಫ್ಲೋರೋಎಥಿಲೀನ್ ಬೆರೆತ ಸಹಪಾಲಿಮರ್. ಅದರ ಪಾಲು ಶೇ. 20ರಿಂದ 50ರಷ್ಟಿದ್ದರೆ, ಹೆಚ್ಚುವರಿ ಫ್ಲೋರಿನ್‌ಗಳ ಗಾತ್ರದಿಂದಾಗಿ ಹಾಳೆ ಎಳೆಯದೆಯೇ ಬೀಟಾ ಬಗೆಯ ರೂಪದಲ್ಲಿ ಹರಳುಗಟ್ಟುತ್ತದೆ. ಅಂಥದ್ದನ್ನು ಎಳೆದಾಗ ಗುಣಾಂಕಗಳಲ್ಲಿ ಕಾಣುವ ಬದಲಾವಣೆಯನ್ನು ಆಲ್ಫಾ ಬೀಟಾ ಆದದ್ದರ ಖಾತೆಗೆ ಬರೆಯಲು ಅವಕಾಶವಿಲ್ಲ.