89 ವರ್ಷ ಕಾಯಿಸಿದ ಕೋಡಿ: ವಾಣಿ ವಿಲಾಸ ಸಾಗರದ ಕಥೆ

ಭಾಗ 1

ಕಟ್ಟಿ ಮುಗಿಸಿದ್ದು 1907ರಲ್ಲಿ. ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ. ಮೂರನೇ ಸಲ 2025ರ ಜನವರಿಯಲ್ಲಿ.

ಈ ಇಸವಿಗಳನ್ನ ಇನ್ನೊಂದ್ ಸಲ ಓದಿ. ಮೊದಲನೇ ಕೋಡಿಗೆ 26 ವರ್ಷ, ಎರಡನೇದಕ್ಕೆ ಮತ್ತೆ 89 ವರ್ಷ, ಮೂರನೇದು ಮಾತ್ರ ಮೂರೇ ವರ್ಷದೊಳಗೆ. ಇದು ಚಿತ್ರದುರ್ಗ ಜಿಲ್ಲೆ ಹಿರಿಯೂರಿನ ಹತ್ತಿರ ಇರೋ ವಾಣಿ ವಿಲಾಸ ಸಾಗರ. ಆ ಕಡೆಯವರು ಈಗಲೂ ಮಾರಿಕಣಿವೆ ಅಂತಲೇ ಕರೀತಾರೆ. ಎರಡು ಗುಡ್ಡಗಳ ನಡುವಿನ ಕಣಿವೆ, ಅಲ್ಲಿ ಕಣಿವೆ ಮಾರಮ್ಮನ ಗುಡಿ, ಅದಕ್ಕೇ ಆ ಹೆಸರು.

ಕೋಡಿ ಅಂದ್ರೆ ಗೊತ್ತಿಲ್ಲದ ಸಿಟಿ ಫ್ರೆಂಡ್ಸ್‌ಗೆ: ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗೇ ಹರಿದು ಹೋಗೋಕೆ ಪಕ್ಕದಲ್ಲಿ ಬಿಟ್ಟಿರೋ ದಾರಿ. ಇಲ್ಲಿ 130 ಅಡಿ ತುಂಬಿದರೆ ನೀರು ಕೋಡಿ ದಾಟುತ್ತೆ. ಯಾರೂ ಬಟನ್ ಒತ್ತಿ ಗೇಟ್ ತೆಗೆಯೋದಿಲ್ಲ. ಆ ದಿನ ಯಾವಾಗ ಬರುತ್ತೆ ಅನ್ನೋದು ನೀರಿಗೇ ಬಿಟ್ಟಿದ್ದು.

ಭಾಗ 2

ಈಗ ಸ್ವಲ್ಪ ಹಿಂದೆ ಹೋಗೋಣ. ಈ ಭಾಗ ಓದದೆ ಫೋಟೋಗೆ ಲೈಕ್ ಕೊಟ್ಟು ಮುಂದೆ ಹೋಗಬೇಡಿ, ಪ್ಲೀಸ್.

1876ರಿಂದ 78ರವರೆಗೆ ಮೈಸೂರು ಸೀಮೆಗೆ ದೊಡ್ಡ ಬರ ಬಂತು. ನಾನು ಬಿಕಾಂ, ನನಗೆ ಅಂಕಿ ನೋಡಿದ್ರೇ ವಿಷಯ ತಲೆಗೆ ಹೋಗೋದು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆ ಆಯ್ತು.

1881ರಲ್ಲಿ ಬ್ರಿಟಿಷರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟರು. 1883ರಲ್ಲಿ ದಿವಾನರಾಗಿ ಬಂದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ ಆ ಬರದ ನೆನಪು ಇನ್ನೂ ಹಸಿಯಾಗೇ ಇತ್ತು. ಆಮೇಲೆ 1894ರ ಡಿಸೆಂಬರ್‌ನಲ್ಲಿ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾಗೆ ಹೋಗಿದ್ದಾಗ ಗಂಟಲಮಾರಿ ಬಂದು ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್‌ಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಮಗ ದೊಡ್ಡವನಾಗೋವರೆಗೆ, 1902ರವರೆಗೆ, ರಾಜಪ್ರತಿನಿಧಿಯಾಗಿ ಆಡಳಿತ ನೋಡಿಕೊಂಡವರು ಅವರೇ. ವಾಣಿವಿಲಾಸ ಸನ್ನಿಧಾನ ಅನ್ನೋದು ಅವರ ಬಿರುದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಇದೆಯಲ್ಲ, ಆ ಹೆಸರೂ ಇವರದ್ದೇ.

ಗಂಡ ಹೋಗಿದ್ದಾರೆ, ಮಗ ಚಿಕ್ಕವನು, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ‘ತುಂಬಾ ಬ್ಯುಸಿ’ ಅಂತ ನಾವು ದಿನಕ್ಕೆ ಹತ್ತು ಸಲ ಹೇಳ್ತೀವಿ, ಇದು ನಿಜವಾದ ಬ್ಯುಸಿ. ಇಂಥ ಹೊತ್ತಲ್ಲೇ, ಮಳೆ ಕಮ್ಮಿ ಇರೋ ಸೀಮೆಯಲ್ಲಿ, ಹೆಸರು ಕೇಳಿದ್ರೆ ಹೊರಗಿನವರಿಗೆ ಗೊತ್ತೂ ಇಲ್ಲದ ವೇದಾವತಿ ನದಿಗೆ ಕಟ್ಟೆ ಕಟ್ಟೋ ಕೆಲಸ ಶುರುವಾಯ್ತು. ಅದು ಮುಗಿದದ್ದು ಕೆಆರ್‌ಎಸ್ ಕೆಲಸ ಶುರುವಾಗೋಕೂ ಮೊದಲು.

ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಕಟ್ಟೆ ಮುಗಿದದ್ದನ್ನೇ ನೋಡಲಿಲ್ಲ, ಕೋಡಿ ಮಾತು ದೂರ. ಕೆಂಪನಂಜಮ್ಮಣ್ಣಿಯವರು ಮಾತ್ರ 1933ರಲ್ಲಿ ಅದು ತುಂಬಿದಾಗ ಬದುಕಿದ್ದರು. ಆ ಸಲ ನೀರು 135.25 ಅಡಿವರೆಗೆ ಬಂದಿತ್ತು. ಮರುವರ್ಷ, 1934ರಲ್ಲಿ, ಅವರೂ ಹೋದರು.

ಭಾಗ 3

ಯಾಕೆ ತುಂಬಲ್ಲ? ಡ್ಯಾಂ ಸರಿ ಇಲ್ವಾ?

ಡ್ಯಾಂ ಚೆನ್ನಾಗೇ ಇದೆ. ನದಿ ಬಡವಿ. ವೇದಾ ಮತ್ತು ಅವತಿ ಅನ್ನೋ ಎರಡು ಹಳ್ಳ ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು ಕಡೂರು ಸೀಮೆಯಲ್ಲಿ ಸೇರಿ ವೇದಾವತಿ ಆಗುತ್ತೆ. ದಾರಿಯಲ್ಲಿ ಅಯ್ಯನಕೆರೆ, ಮದಗದ ಕೆರೆ ಥರದ ದೊಡ್ಡ ಕೆರೆಗಳಿವೆ. ಅವು ಮೊದಲು ಕುಡೀಬೇಕು. ಆಮೇಲೆ ಕಡೂರು, ಹೊಸದುರ್ಗದ ಒಣ ನೆಲ. ಮಿಕ್ಕಿದ್ದು ಮಾರಿಕಣಿವೆಗೆ. ಆದರೆ ಕಟ್ಟಿರೋದು ಮಾತ್ರ 30 ಟಿಎಂಸಿ ಹಿಡಿಯೋ ಜಲಾಶಯ! ಕೊಡಗಿನ ಮಳೆ ಕುಡಿಯೋ ಕೆಆರ್‌ಎಸ್‌ಗೇ ಸುಮಾರು 49 ಟಿಎಂಸಿ ಅನ್ನೋದು ನೆನಪಿರಲಿ.

ನಮ್ಮ ಕ್ಲಾಸಲ್ಲಿ ಇದನ್ನ ಪ್ರಾಜೆಕ್ಟ್ ರಿಪೋರ್ಟ್ ಅಂತ ಕೊಟ್ರೆ ಯಾರೂ ಪಾಸ್ ಮಾಡಲ್ಲ. ‘ಕೆಪಾಸಿಟಿ ಯುಟಿಲೈಸೇಷನ್ ಎಲ್ಲಪ್ಪಾ?’ ಅಂತ ಕೇಳ್ತಾರೆ. ನನ್ನ ಲೆಕ್ಕ ಬೇರೆ. ಇದು ಸೇಲ್ಸ್ ಅಕೌಂಟ್ ಅಲ್ಲ, ರಿಸರ್ವ್. ಒಳ್ಳೆ ವರ್ಷ ಬಂದಷ್ಟನ್ನೂ ಹಿಡಿದಿಟ್ಟು, ಕೆಟ್ಟ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಬಿಡೋದು. ತುಂಬದೇ ಇದ್ದ ಕಾಲದಲ್ಲೂ ಇದರ ನೀರು ಕಾತ್ರಿಕೇನಹಳ್ಳಿ ಪಿಕಪ್ ಹತ್ತಿರ ಎಡ, ಬಲ ನಾಲೆಗೆ ತಿರುಗಿ ಹಿರಿಯೂರಿನ ತೆಂಗು ಅಡಿಕೆ ತೋಟಗಳಿಗೆ ಹೋಗ್ತಿತ್ತು. ಚಿತ್ರದುರ್ಗ ಊರಿಗೆ ಕುಡಿಯೋ ನೀರೂ ಇಲ್ಲಿಂದ ಹೋಗುತ್ತೆ. ಕೋಡಿ ಬಿದ್ದಾಗ ಮಾತ್ರ ಇದು ನ್ಯೂಸ್ ಆಗುತ್ತೆ, ಅಷ್ಟೆ.

ಭಾಗ 4

ಈಗ ಫೋಟೋಗಳ ವಿಷಯ. (ಸ್ವೈಪ್ ಮಾಡಿ, ಮೂರನೇದರಲ್ಲಿ ಹಸಿರು ಸ್ವೆಟರ್ ಹಾಕಿರೋದು ನಮ್ಮಜ್ಜಿ.)

ಜನವರಿ, ಭಾನುವಾರ. ಸೋಮವಾರ ನನಗೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್. ಅಪ್ಪಂದು ಹಾರ್ಡ್‌ವೇರ್ ಅಂಗಡಿ, ಜಿಎಸ್‌ಟಿ ಫೈಲಿಂಗ್ ವಾರ. ಡೈನಿಂಗ್ ಟೇಬಲ್ ತುಂಬಾ ಬಿಲ್ಲು. ಬೆಳಿಗ್ಗೆ ಅಜ್ಜಿ ತವರಿಂದ ಫೋನ್ ಬಂತು, ಕೋಡಿ ಬಿದ್ದಿದೆ, ನೋಡೋಕೆ ಜಾತ್ರೆ ಥರ ಜನ ಬರ್ತಿದಾರೆ ಅಂತ. ಅಜ್ಜಿ ಹುಟ್ಟಿ ಬೆಳೆದದ್ದು ಹಿರಿಯೂರು ಕಡೆ ಹಳ್ಳಿಯಲ್ಲಿ. 1933ರ ಕೋಡಿ ಅವಳ ಅಪ್ಪ ಹುಡುಗನಾಗಿದ್ದಾಗ ನೋಡಿದ್ದು. ಅವಳು ಬರೀ ಕಥೆ ಕೇಳಿದ್ದು. 2022ರಲ್ಲಿ ಮಂಡಿ ಆಪರೇಷನ್ ಆಗಿ ಮಲಗಿದ್ದಳು.

ಅಪ್ಪ ‘ಮುಂದಿನ ವಾರ ಹೋಗೋಣ ಕಣಮ್ಮ’ ಅಂದ್ರು.

‘ಲೋ, ನಿನ್ನ ಬಿಲ್ಲು ಮುಂದಿನ ವಾರನೂ ಇರ್ತವೆ. ನೀರು ನಿಂಗೋಸ್ಕರ ಕಾಯುತ್ತಾ? ನಂಗೆ ಎಪ್ಪತ್ತಾರು.’

ಅಪ್ಪ ಲ್ಯಾಪ್‌ಟಾಪ್ ಮುಚ್ಚಿದ್ರು. ಅಮ್ಮ ಆಗ ತಾನೇ ಇಳಿಸಿದ್ದ ಅವರೆಕಾಳು ಉಪ್ಪಿಟ್ಟನ್ನ ಹಾಗೇ ಡಬ್ಬಿಗೆ ತುಂಬಿದ್ಲು. ಅರ್ಧ ಗಂಟೆಯಲ್ಲಿ ತುಮಕೂರು ಬಿಟ್ವಿ. ಶಿರಾ ದಾಟೋವರೆಗೆ ನಾನು ನೋಟ್ಸ್ ಓದಿದೆ, ಆಮೇಲೆ ತಮ್ಮ ಕಿತ್ಕೊಂಡ.

ಅಲ್ಲಿ ಪಾರ್ಕಿಂಗ್‌ಗೆ ಜಾಗ ಇಲ್ಲ, ಬ್ಯಾರಿಕೇಡ್ ಹಾಕಿದ್ರು, ತುಂಬಾ ಹತ್ತಿರ ಬಿಡಲ್ಲ. ಅಜ್ಜಿನ ಒಂದು ಕಡೆ ಅಪ್ಪ, ಒಂದು ಕಡೆ ನಾನು ಹಿಡ್ಕೊಂಡು ಹೋದ್ವಿ. ಅವಳು ಏನೂ ಮಾತಾಡಲಿಲ್ಲ. ತುಂಬಾ ಹೊತ್ತು ನೀರು ನೋಡ್ತಾ ನಿಂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅರಿಶಿನ, ಕುಂಕುಮ, ಎರಡು ಎಲೆ, ಒಂದು ಅಡಿಕೆ ತೆಗೆದು ಕೊಟ್ಟು, ‘ನೀರಿರೋ ಕಡೆ ಬಿಟ್ಟು ಬಾ’ ಅಂತ ತಮ್ಮನನ್ನ ಕಳಿಸಿದ್ಲು. ಯಾವಾಗ ಕಟ್ಕೊಂಡಿದ್ಲೋ ಗೊತ್ತಿಲ್ಲ. ‘ನಮ್ಮಪ್ಪ ಹೇಳ್ತಿದ್ದ ಸದ್ದು ಇದೇ ನೋಡು’ ಅಂದ್ಲು, ಅಷ್ಟೇ.

ಉಪ್ಪಿಟ್ಟು ತಣ್ಣಗಾಗಿತ್ತು. ಕಾರ್ ಡಿಕ್ಕಿ ಮೇಲೆ ಇಟ್ಕೊಂಡು ಎಲ್ಲರೂ ತಿಂದ್ವಿ. ರಾತ್ರಿ ಹತ್ತೂವರೆಗೆ ಅಪ್ಪ ಮತ್ತೆ ಬಿಲ್ಲು ಹರಡಿಕೊಂಡು ಕೂತರು, ನಾನು ಎದುರಿಗೆ ಕೂತು ಓದಿದೆ.

ಭಾಗ 5

ಎಲ್ಲ ರೀಲ್ಸ್‌ನಲ್ಲೂ ಬಿಟ್ಟುಹೋಗ್ತಿರೋ ಎರಡು ವಿಷಯ ಹೇಳಿ ಮುಗಿಸ್ತೀನಿ.

ಒಂದು, 1933ರಲ್ಲಿ ವೇದಾವತಿ ಒಂದೇ ಈ ಜಲಾಶಯ ತುಂಬಿಸಿತ್ತು. ಈಗ ಹಾಗಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2019ರಿಂದ ಭದ್ರಾ ನೀರನ್ನ ಪಂಪ್ ಮಾಡಿ ಇಲ್ಲಿಗೆ ಬಿಡ್ತಿದಾರೆ. ಅದಕ್ಕೂ ಮುಂಚೆ ಕೆಲವು ವರ್ಷ ನೀರು ತಳ ಮುಟ್ಟೋ ಸ್ಥಿತಿಗೆ ಬಂದಿತ್ತು. 2022ರ ಭಾರಿ ಮಳೆಯ ಪಾತ್ರ ದೊಡ್ಡದು, ಸರಿ. ಆದರೆ ಮೂರು ವರ್ಷದೊಳಗೆ ಮತ್ತೆ ಕೋಡಿ ಬಿದ್ದದ್ದರ ಹಿಂದೆ ಭದ್ರೆಯೂ ಇದ್ದಾಳೆ.

ಎರಡು, ಹಿನ್ನೀರು. 89 ವರ್ಷ ನೀರು ಬಾರದ ಅಂಚಲ್ಲಿ ಜನ ಸುಮ್ಮನೆ ಕೂರ್ತಾರಾ? ಹೊಸದುರ್ಗ ತಾಲ್ಲೂಕಿನ ಕಡೆ ಹೊಲ, ತೋಟ, ದಾರಿ ಎಲ್ಲಾ ಆಗಿತ್ತು. ನೀರು 130 ಅಡಿ ಮುಟ್ಟಿದಾಗ ಅವು ಮುಳುಗಿದವು. ಕೋಡಿ ಎತ್ತರ ತಗ್ಗಿಸಿ ಅಂತ ಅಲ್ಲಿನ ರೈತರು ಕೇಳ್ತಿದಾರೆ, ತಗ್ಗಿಸಬೇಡಿ ಅಂತ ಹಿರಿಯೂರು ಕಡೆಯವರು. ನಾವು ಸೆಲ್ಫಿ ತಗೊಂಡ ನೀರೇ ಆ ಹೊತ್ತಲ್ಲಿ ಆಚೆ ಯಾರದ್ದೋ ಅಡಿಕೆ ಗಿಡದ ಬುಡದಲ್ಲಿ ನಿಂತಿತ್ತು.

ನಿಮ್ಮಲ್ಲಿ ಹೊಸದುರ್ಗ ಕಡೆಯವರು ಯಾರಾದ್ರೂ ಇದ್ರೆ ನಿಮ್ಮ ಮನೇಲಿ ಏನಾಯ್ತು ಅಂತ ಬರೀರಿ. ಮುಂದಿನ ಪೋಸ್ಟ್‌ನಲ್ಲಿ ಅದನ್ನೇ ಹಾಕ್ತೀನಿ.